ಮೂರು ವರ್ಷ ತುಂಬುವ ಮೊದಲೇ ಸಾವಾದರೆ: ಜೀವ ವಿಮೆ ಕ್ಲೈಮ್ ಯಾಕೆ ತಿರಸ್ಕಾರ ಆಗುತ್ತದೆ, ಏನು ಮಾಡಬಹುದು

ಪಾಲಿಸಿ ಮಾಡಿಸಿ ಮೂರು ವರ್ಷ ಆಗುವುದರೊಳಗೆ ಪಾಲಿಸಿದಾರ ತೀರಿಕೊಂಡರೆ ಆ ಕ್ಲೈಮಿಗೆ ವಿಮಾ ಆಫೀಸುಗಳಲ್ಲಿ 'ಅರ್ಲಿ ಕ್ಲೈಮ್' ಅನ್ನುತ್ತಾರೆ. ಹತ್ತು ಹದಿನೈದು ವರ್ಷ ಹಳೆಯ ಪಾಲಿಸಿ ಆದರೆ ಮರಣ ಪ್ರಮಾಣಪತ್ರ, ಬಾಂಡು, ನಾಮಿನಿಯ ಬ್ಯಾಂಕ್ ವಿವರ ಕೊಟ್ಟರೆ ಹೆಚ್ಚುಕಡಿಮೆ ಕೆಲಸ ಮುಗಿಯಿತು. ಅರ್ಲಿ ಕ್ಲೈಮ್ ಹಾಗಲ್ಲ. ಕೊನೆಯಲ್ಲಿ ನೋಡಿದ ಡಾಕ್ಟರ ಹೇಳಿಕೆ ಬೇಕು, ಆಸ್ಪತ್ರೆಯ ದಾಖಲೆ ಬೇಕು, ನೌಕರಿಯಲ್ಲಿದ್ದವರಾದರೆ ಕೆಲಸ ಕೊಟ್ಟವರ ಪತ್ರವೂ ಬೇಕು. ಆಮೇಲೆ ಒಬ್ಬರು ಇನ್ವೆಸ್ಟಿಗೇಟರ್ ಮನೆಗೆ ಬರುತ್ತಾರೆ. ಅಕ್ಕಪಕ್ಕದವರನ್ನು, ಬೀದಿಯ ಮೆಡಿಕಲ್ ಶಾಪಿನವರನ್ನು, ಊರಿನ ನರ್ಸಿಂಗ್ ಹೋಮಿನವರನ್ನು ವಿಚಾರಿಸಿಕೊಂಡು ಹೋಗುತ್ತಾರೆ. ಕೆಲವು ವಾರ ಕಳೆದ ಮೇಲೆ ಎಷ್ಟೋ ಮನೆಗಳಿಗೆ ಒಂದು ಇಂಗ್ಲಿಷ್ ಪತ್ರ ಬರುತ್ತದೆ: ಪಾಲಿಸಿ ಮಾಡಿಸುವಾಗ ತುಂಬಿದ ಫಾರಂನಲ್ಲಿ ಕಾಯಿಲೆ ಮುಚ್ಚಿಟ್ಟಿದ್ದೀರಿ, ಆದ್ದರಿಂದ ಹಣ ಕೊಡುವುದಿಲ್ಲ.

ಪತ್ರ ಬಂದ ತಕ್ಷಣ ಬಹಳ ಜನ ಸುಮ್ನಾಗಿಬಿಡುತ್ತಾರೆ. ಕಂಪನಿ ಹೇಳಿದ ಮೇಲೆ ಮುಗೀತು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಆ ಪತ್ರದಲ್ಲಿ ಏನಿರಬೇಕು, ಏನನ್ನು ಕಂಪನಿಯೇ ಸಾಬೀತು ಮಾಡಬೇಕು, ಯಾವುದು ಮನೆಯವರ ತಲೆ ಮೇಲೆ ಬೀಳುತ್ತದೆ ಅನ್ನುವುದೆಲ್ಲ ಕಾನೂನಿನಲ್ಲಿ ಸಾಕಷ್ಟು ಸ್ಪಷ್ಟವಾಗಿಯೇ ಇದೆ. ಅದನ್ನು ತಿಳಿದುಕೊಳ್ಳುವುದು ಅಷ್ಟೇನೂ ಕಷ್ಟವಲ್ಲ.

ಮೊದಲು ಜಾಹೀರಾತಿನ ಲೆಕ್ಕದ ವಿಷಯ ಹೇಳಿಬಿಡುತ್ತೇನೆ. ಕಂಪನಿಗಳು 'ಕ್ಲೈಮ್ ಸೆಟಲ್‌ಮೆಂಟ್ ರೇಷಿಯೋ' ಅಂತ ದೊಡ್ಡದಾಗಿ ಹಾಕಿಕೊಳ್ಳುತ್ತವೆ. ವೈಯಕ್ತಿಕ ಪಾಲಿಸಿಗಳಲ್ಲಿ 2022-23ರಲ್ಲಿ ಎಲ್ಲ ಕಂಪನಿಗಳೂ ಸೇರಿ ನೂರಕ್ಕೆ 98ಕ್ಕಿಂತ ಸ್ವಲ್ಪ ಜಾಸ್ತಿ ಮರಣ ಕ್ಲೈಮುಗಳಿಗೆ ಹಣ ಕೊಟ್ಟಿವೆ. ಇದು ನಿಜ. ಆದರೆ ಇದು ಹಳೆಯದು, ಹೊಸದು ಎಲ್ಲ ಕೂಡಿಸಿದ ಲೆಕ್ಕ. ಮೂರು ವರ್ಷ ದಾಟಿದ ಪಾಲಿಸಿಯನ್ನು ಪ್ರಶ್ನಿಸಲು ಕಂಪನಿಗೆ ದಾರಿಯೇ ಹೆಚ್ಚುಕಡಿಮೆ ಇಲ್ಲ, ಹಾಗಾಗಿ ತಿರಸ್ಕಾರಗಳು ಬಂದು ಬೀಳುವುದು ಹೊಸ ಪಾಲಿಸಿಗಳ ಮೇಲೆ. ಚಿಕ್ಕ ಮಕ್ಕಳಿರುವಾಗ, ಮನೆ ಸಾಲ ಇರುವಾಗ, ಈಗಷ್ಟೇ ಜವಾಬ್ದಾರಿ ಅರಿತು ಪಾಲಿಸಿ ಮಾಡಿಸಿದವರ ಮನೆಗಳು ಅವು. ಅವರ ಪಾಲಿಗೆ ಈ 98 ಅನ್ನುವ ಅಂಕಿ ಏನನ್ನೂ ಹೇಳುವುದಿಲ್ಲ.

ಈಗ ಕಾನೂನು. 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ ಇದಕ್ಕೆಲ್ಲ ಮೂಲ. ಮೊದಲು ಇದ್ದದ್ದು ಎರಡು ವರ್ಷದ ಗಡುವು. ಎರಡು ವರ್ಷ ಆದ ಮೇಲೂ ಪಾಲಿಸಿದಾರ ಬೇಕೆಂದೇ, ಗೊತ್ತಿದ್ದೂ ಮೋಸ ಮಾಡಿದ್ದಾನೆ ಅಂತ ಕಂಪನಿ ತೋರಿಸಿದರೆ ಕ್ಲೈಮ್ ನಿಲ್ಲಿಸಬಹುದಿತ್ತು. 2015ರ ತಿದ್ದುಪಡಿ ಇದನ್ನು ಬದಲಿಸಿತು. ಗಡುವು ಮೂರು ವರ್ಷ ಆಯಿತು, ಆದರೆ ಮೂರು ವರ್ಷ ಆದ ಮೇಲೆ ಯಾವ ಕಾರಣಕ್ಕೂ, ಮೋಸದ ಕಾರಣಕ್ಕೂ, ಪಾಲಿಸಿಯನ್ನು ಪ್ರಶ್ನಿಸುವ ಹಾಗಿಲ್ಲ. ಒಂದು ವರ್ಷ ಜಾಸ್ತಿ ಕೊಟ್ಟು, ಆಮೇಲೆ ಬಾಗಿಲು ಪೂರ್ತಿ ಮುಚ್ಚಿದರು. ವಯಸ್ಸಿನ ದಾಖಲೆ ಮಾತ್ರ ಯಾವಾಗ ಬೇಕಾದರೂ ಕೇಳಬಹುದು.

ಮೂರು ವರ್ಷದೊಳಗೆ ಕಂಪನಿಗೆ ಎರಡು ದಾರಿ ಇವೆ, ಮತ್ತು ತಿರಸ್ಕಾರದ ಪತ್ರ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಇವೆರಡರಲ್ಲಿ ಕಂಪನಿ ಯಾವುದನ್ನು ಹಿಡಿದಿದೆ ಅನ್ನುವುದನ್ನೇ. ಒಂದು, ಮೋಸ. ಅಂದರೆ ಪಾಲಿಸಿದಾರ ಕಂಪನಿಯನ್ನು ವಂಚಿಸಲೆಂದೇ ಸುಳ್ಳು ಹೇಳಿದ ಅಥವಾ ಮುಚ್ಚಿಟ್ಟ ಅನ್ನುವ ಆರೋಪ. ಇನ್ನೊಂದು, ತಪ್ಪು ಹೇಳಿಕೆ ಅಥವಾ ಮುಖ್ಯ ವಿಷಯವನ್ನು ಹೇಳದೇ ಬಿಟ್ಟದ್ದು. ಇದರಲ್ಲಿ ಮೋಸದ ಉದ್ದೇಶ ಇರಬೇಕಾಗಿಲ್ಲ. ಎರಡರಲ್ಲೂ ಕಾರಣವನ್ನು, ಆ ಕಾರಣಕ್ಕೆ ಆಧಾರವಾದ ದಾಖಲೆಗಳನ್ನು ಕಂಪನಿ ಬರವಣಿಗೆಯಲ್ಲಿ ತಿಳಿಸಲೇಬೇಕು. 'ಮಾಹಿತಿ ಮುಚ್ಚಿಟ್ಟಿದ್ದೀರಿ' ಅಂತ ಒಂದು ಸಾಲು ಗೀಚಿ ಕಳಿಸಿದರೆ ಸಾಲದು.

ದುಡ್ಡಿನ ವಿಷಯದಲ್ಲಿ ವ್ಯತ್ಯಾಸ ದೊಡ್ಡದು. ಮೋಸ ಅಲ್ಲ, ಬರೀ ತಪ್ಪು ಹೇಳಿಕೆ ಅಂತ ತಿರಸ್ಕರಿಸಿದರೆ ಅಲ್ಲಿಯವರೆಗೆ ಕಟ್ಟಿದ ಪ್ರೀಮಿಯಂ ಅಷ್ಟನ್ನೂ 90 ದಿನದೊಳಗೆ ವಾಪಸ್ ಕೊಡಬೇಕು. ಮೋಸ ಅಂತಾದರೆ ಈ ರಕ್ಷಣೆ ಇಲ್ಲ. ಸಾಬೀತಿನ ಭಾರವೂ ಬೇರೆ ಬೇರೆ. ಮೋಸದ ಆರೋಪ ಬಂದಾಗ, ಪಾಲಿಸಿದಾರ ಬದುಕಿಲ್ಲದಿದ್ದರೆ, ಅದು ಸುಳ್ಳು ಅಂತ ತೋರಿಸುವ ಹೊಣೆಯನ್ನು ಕಾನೂನು ಹಣ ಪಡೆಯುವವರ ಮೇಲೆ ಹಾಕಿದೆ. ನನ್ನ ಪ್ರಕಾರ ಇದು ಈ ಸೆಕ್ಷನ್ನಿನ ಅತಿ ಕ್ರೂರವಾದ ಭಾಗ. ಗಂಡ ಮೂರು ವರ್ಷದ ಹಿಂದೆ ಫಾರಂ ತುಂಬುವಾಗ ಅವನ ಮನಸ್ಸಿನಲ್ಲಿ ಏನಿತ್ತು ಅಂತ ಹೆಂಡತಿ ಹೇಗೆ ತೋರಿಸಬೇಕು?

ಎರಡನೇ ದಾರಿಯಲ್ಲಿ ಭಾರ ತಿರುಗುತ್ತದೆ. ಹೇಳದೇ ಬಿಟ್ಟ ವಿಷಯಕ್ಕೂ ಕಂಪನಿ ಹೊತ್ತ ಅಪಾಯಕ್ಕೂ ನೇರ ಸಂಬಂಧ ಇರಬೇಕು. ಅಷ್ಟೇ ಅಲ್ಲ, ಆ ವಿಷಯ ಮೊದಲೇ ಗೊತ್ತಿದ್ದರೆ ಪಾಲಿಸಿಯನ್ನೇ ಕೊಡುತ್ತಿರಲಿಲ್ಲ ಅಂತ ಕಂಪನಿ ತೋರಿಸಬೇಕು. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡ 46 ವರ್ಷದವರೊಬ್ಬರು, ಶುಗರ್ ಇದ್ದದ್ದನ್ನು ಫಾರಂನಲ್ಲಿ ಬರೆಸಿರಲಿಲ್ಲ ಅಂತ ಇಟ್ಟುಕೊಳ್ಳೋಣ. ಶುಗರ್ ಇದೆ ಅಂತ ಬರೆದವರಿಗೂ ಕಂಪನಿಗಳು ದಿನಾ ಪಾಲಿಸಿ ಕೊಡುತ್ತಲೇ ಇವೆ, ಪ್ರೀಮಿಯಂ ಸ್ವಲ್ಪ ಜಾಸ್ತಿ ಹಾಕುತ್ತವೆ ಅಷ್ಟೇ. ಹಾಗಿದ್ದ ಮೇಲೆ 'ಕೊಡುತ್ತಲೇ ಇರಲಿಲ್ಲ' ಅಂತ ಹೇಳುವುದಕ್ಕೆ ಆಧಾರ ಏನು? ನಿಮ್ಮ ಅಂಡರ್‌ರೈಟಿಂಗ್ ನಿಯಮದಲ್ಲಿ, ಅಂದರೆ ಯಾರಿಗೆ ಪಾಲಿಸಿ ಕೊಡಬೇಕು ಅಂತ ತೀರ್ಮಾನಿಸುವ ನಿಯಮದಲ್ಲಿ, ಹಾಗೆ ಎಲ್ಲಿ ಬರೆದಿದೆ, ತೋರಿಸಿ ಅಂತ ಮನೆಯವರು ಕೇಳಬಹುದು. ಬಹಳ ಜನ ಈ ಪ್ರಶ್ನೆಯನ್ನೇ ಕೇಳುವುದಿಲ್ಲ.

ಈಗ ಫಾರಂನ ವಿಷಯಕ್ಕೆ ಬರೋಣ. ಜಗಳ ಹುಟ್ಟುವುದೇ ಅಲ್ಲಿ. ನಮ್ಮ ಕಡೆ ಪ್ರಪೋಸಲ್ ಫಾರಂ ಹೇಗೆ ತುಂಬುತ್ತದೆ ಅಂತ ಎಲ್ಲರಿಗೂ ಗೊತ್ತಿದೆ. ಏಜೆಂಟ್ ಸಾಮಾನ್ಯವಾಗಿ ಪರಿಚಯದವರು, ನೆಂಟರು, ಬ್ಯಾಂಕಿನಲ್ಲಿ ಸಾಲ ಕೊಡುವಾಗ ಎದುರು ಕೂತವರು. ಹೆಸರು, ಹುಟ್ಟಿದ ದಿನ, ನಾಮಿನಿ ಕೇಳುತ್ತಾರೆ. ಆರೋಗ್ಯದ ಪುಟಕ್ಕೆ ಬಂದಾಗ 'ಏನೂ ತೊಂದರೆ ಇಲ್ಲ ಅಲ್ವಾ?' ಅಂತ ಒಂದು ಮಾತು ಕೇಳಿ, ಸಾಲಾಗಿ 'ಇಲ್ಲ, ಇಲ್ಲ, ಇಲ್ಲ' ಅಂತ ಗುರುತು ಹಾಕಿಕೊಂಡು ಹೋಗುತ್ತಾರೆ. ಬಿಪಿ ಮಾತ್ರೆ ತಗೋತೀನಿ ಅಂದರೂ 'ಅದೆಲ್ಲ ಬರೆದರೆ ಮೆಡಿಕಲ್ ಅಂತ ಕೇಳ್ತಾರೆ, ಲೇಟಾಗತ್ತೆ, ಬಿಡಿ ಸಾರ್' ಅನ್ನುವವರಿದ್ದಾರೆ. ಪಾಲಿಸಿ ಆದರೆ ತಾನೇ ಅವರಿಗೆ ಕಮಿಷನ್ ಬರುವುದು, ಅದರಲ್ಲೂ ಮೊದಲ ವರ್ಷದ ಪ್ರೀಮಿಯಂ ಮೇಲೆ ಸಿಗುವುದೇ ದೊಡ್ಡದು. ಈಗಂತೂ ಟ್ಯಾಬ್‌ನಲ್ಲಿ ತುಂಬಿ, ನಮ್ಮ ಫೋನಿಗೆ ಬಂದ ಒಟಿಪಿ ಕೇಳಿ, ಹಾಕಿ, ಮುಗಿಸುತ್ತಾರೆ. ಆ ಒಟಿಪಿಯೇ ಸಹಿ. ನಾವು ಆ ಪುಟವನ್ನು ನೋಡಿಯೇ ಇರುವುದಿಲ್ಲ.

ಹಾಗಾದರೆ ತಪ್ಪು ಏಜೆಂಟನದ್ದು ತಾನೇ ಅಂತ ಅನ್ನಿಸುತ್ತದೆ. ಕೋರ್ಟು ಹಾಗೆ ನೋಡುವುದಿಲ್ಲ. 1958ರಲ್ಲಿ ನಮ್ಮ ಮೈಸೂರು ಹೈಕೋರ್ಟೇ ಇದರ ಬಗ್ಗೆ ಹೇಳಿತ್ತು: ಓದದೆ, ಅರ್ಥ ಮಾಡಿಕೊಳ್ಳದೆ ಸಹಿ ಹಾಕಿದೆ ಅಂತ ಹೇಳಿ ತಪ್ಪಿಸಿಕೊಳ್ಳಲು ಸಾಮಾನ್ಯವಾಗಿ ಆಗುವುದಿಲ್ಲ, ಫಾರಂ ತುಂಬುವ ಹೊತ್ತಿಗೆ ಏಜೆಂಟ್ ಕಂಪನಿಯ ಏಜೆಂಟ್ ಆಗಿ ಉಳಿಯುವುದಿಲ್ಲ, ವಿಮೆ ಮಾಡಿಸುವವನ ಏಜೆಂಟ್ ಆಗುತ್ತಾನೆ. ಅರವತ್ತು ವರ್ಷ ಕಳೆದ ಮೇಲೆ, 2019ರಲ್ಲಿ, ಸುಪ್ರೀಂ ಕೋರ್ಟ್ ರಿಲಯನ್ಸ್ ಲೈಫ್ ಪ್ರಕರಣದಲ್ಲಿ ಈ ತೀರ್ಪನ್ನು ಉದ್ಧರಿಸಿ ಒಪ್ಪಿಕೊಂಡಿತು. ಕಮಿಷನ್ ಕೊಡುವುದು ಕಂಪನಿ, ತರಬೇತಿ ಕೊಡುವುದು ಕಂಪನಿ, ಟಾರ್ಗೆಟ್ ಹಾಕುವುದು ಕಂಪನಿ. ಆದರೆ ತಪ್ಪಾದ ಗಳಿಗೆಯಲ್ಲಿ ಮಾತ್ರ ಅವನು ನಮ್ಮವನು. ಈ ತರ್ಕವನ್ನು ಒಪ್ಪುವುದು ನನಗೆ ಕಷ್ಟ. 1958ರ ಕಾಲದ ಏಜೆಂಟಿಗೂ ಇವತ್ತು ಬ್ಯಾಂಕ್ ಕೌಂಟರಿನಲ್ಲಿ ಕೂತು ವಿಮೆ ಮಾರುವವರಿಗೂ ಹೋಲಿಕೆ ಇಲ್ಲ. ಆದರೂ ಇವತ್ತಿನ ಕಾನೂನು ಇದೇ, ಹಾಗಾಗಿ ಫಾರಂನಲ್ಲಿ ಇರುವ ಪ್ರತಿ 'ಇಲ್ಲ'ವೂ ನಿಮ್ಮದೇ ಮಾತು ಅಂತ ತಿಳಿಯಬೇಕು.

ಒಂದು ಸಣ್ಣ ಕಿಂಡಿ ಇದೆ. ಇಂಗ್ಲಿಷ್ ಫಾರಂಗೆ ಕನ್ನಡದಲ್ಲಿ ಸಹಿ ಹಾಕಿದ್ದರೆ ಅಥವಾ ಹೆಬ್ಬೆಟ್ಟು ಒತ್ತಿದ್ದರೆ, ಪ್ರಶ್ನೆಗಳನ್ನು ಇವರ ಭಾಷೆಯಲ್ಲಿ ವಿವರಿಸಿ ಹೇಳಿದ್ದೇನೆ ಅಂತ ಇನ್ನೊಬ್ಬರು ಘೋಷಣೆ ಬರೆದುಕೊಡಬೇಕು. ಆ ಜಾಗ ಖಾಲಿ ಇದೆಯಾ, ಅಲ್ಲಿ ಸಹಿ ಹಾಕಿದವರು ಯಾರು, ಅವರು ನಿಜವಾಗಿ ಅವತ್ತು ಅಲ್ಲಿದ್ದರಾ ಅನ್ನುವುದೆಲ್ಲ ಮುಂದೆ ಕೇಸಿನಲ್ಲಿ ಕೆಲಸಕ್ಕೆ ಬರುತ್ತದೆ. ಅದಕ್ಕೇ ಪ್ರಪೋಸಲ್ ಫಾರಂನ ನಕಲು ಕೈಯಲ್ಲಿರಬೇಕು. ಪಾಲಿಸಿಯ ಜೊತೆ ಅದನ್ನು ಕೊಡಬೇಕು ಅಂತ ನಿಯಮವೇ ಇದೆ.

ಕಂಪನಿಗಳ ಕಡೆಯ ವಾದವೂ ಸುಳ್ಳಲ್ಲ. ಸಾವು ಹತ್ತಿರ ಇದೆ ಅಂತ ಗೊತ್ತಾದ ಮೇಲೆ ಪಾಲಿಸಿ ಮಾಡಿಸುವವರಿದ್ದಾರೆ. ಅವರಿಗೆ ಹಣ ಕೊಟ್ಟರೆ ಅದು ಪ್ರಾಮಾಣಿಕವಾಗಿ ಪ್ರೀಮಿಯಂ ಕಟ್ಟುವ ಎಲ್ಲರ ದುಡ್ಡು. 2020ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಬಜಾಜ್ ಅಲಿಯಾನ್ಸ್ ಪ್ರಕರಣ ಇಂಥದ್ದೇ. ಪಾಲಿಸಿ ಕೊಟ್ಟ ಒಂದೇ ತಿಂಗಳಿಗೆ ಪಾಲಿಸಿದಾರ ತೀರಿಕೊಂಡರು. ಪಾಲಿಸಿಗೆ ಸ್ವಲ್ಪ ಮೊದಲಷ್ಟೇ ರಕ್ತ ವಾಂತಿಯಾಗಿ ಆಸ್ಪತ್ರೆಗೆ ಹೋಗಿದ್ದನ್ನು ಫಾರಂನಲ್ಲಿ ಹೇಳಿರಲಿಲ್ಲ. ಕೋರ್ಟು ಕಂಪನಿಯ ಪರ ನಿಂತಿತು. ಆದರೆ ಅಷ್ಟರಲ್ಲಿ ಹಣ ಕೊಟ್ಟಾಗಿತ್ತು, ತಾಯಿಗೆ 70 ವರ್ಷ, ಅದನ್ನು ವಾಪಸ್ ಕೇಳಬೇಡಿ ಅಂತಲೂ ಹೇಳಿತು. ಇಂಥ ಕಡೆ ಕಂಪನಿಗೆ ಪ್ರಶ್ನಿಸುವ ಹಕ್ಕು ಬೇಕೇ ಬೇಕು.

ನನ್ನ ತಕರಾರು ಇರುವುದು ಪರೀಕ್ಷೆ ಮಾಡುವ ಹೊತ್ತಿನ ಬಗ್ಗೆ. ಸೈಟು ಕೊಳ್ಳುವವರು ರಿಜಿಸ್ಟ್ರೇಷನ್ನಿಗೆ ಮೊದಲು ಇಸಿ ತೆಗೆಸಿ ನೋಡುತ್ತಾರೆ. ವಿಮೆಯಲ್ಲಿ ಬಹಳ ಪಾಲಿಸಿಗಳನ್ನು ರಕ್ತ ಪರೀಕ್ಷೆಯನ್ನೂ ಮಾಡಿಸದೆ, ಫಾರಂನ ಗುರುತುಗಳನ್ನೇ ನಂಬಿ ಕೊಡುತ್ತಾರೆ. ಪ್ರೀಮಿಯಂ ಬರುತ್ತಾ ಇರುತ್ತದೆ, ಯಾರೂ ಏನೂ ಕೇಳುವುದಿಲ್ಲ. ಸತ್ತ ಮೇಲೆ ಇನ್ವೆಸ್ಟಿಗೇಟರನ್ನು ಕಳಿಸಿ, ಪಾಲಿಸಿ ಕೊಡುವ ಮೊದಲು ಮಾಡಬೇಕಿದ್ದ ವಿಚಾರಣೆಯನ್ನು ಶುರು ಮಾಡುತ್ತಾರೆ. ಶುಗರ್ ಇದ್ದದ್ದನ್ನು ಒಂದು ಎಚ್‌ಬಿಎ1ಸಿ ಪರೀಕ್ಷೆ ಹೇಳಿಬಿಡುತ್ತಿತ್ತು, ಅದಕ್ಕೆ ಕೆಲವು ನೂರು ರೂಪಾಯಿ ಸಾಕಿತ್ತು. ಮೊದಲು ನೋಡುವ ಖರ್ಚು ಉಳಿಸಿ, ಆಮೇಲೆ ನೋಡುವ ಹಕ್ಕು ಇಟ್ಟುಕೊಂಡರೆ, ಆ ನಡುವಿನ ಅಪಾಯವೆಲ್ಲ ಬೀಳುವುದು ಉತ್ತರ ಕೊಡುವ ಮನುಷ್ಯನನ್ನೇ ಕಳೆದುಕೊಂಡ ಮನೆಯ ಮೇಲೆ.

ಆಸ್ಪತ್ರೆಯ ಕೇಸ್ ಶೀಟ್ ವಿಷಯ ಇನ್ನೂ ಹುಷಾರಾಗಿ ನೋಡಬೇಕು. ರಾತ್ರಿ ಎದೆನೋವು ಅಂತ ಎಮರ್ಜೆನ್ಸಿಗೆ ಕರೆದುಕೊಂಡು ಹೋಗುತ್ತಾರೆ. ಡ್ಯೂಟಿ ಡಾಕ್ಟರ್ 'ಶುಗರ್ ಇದೆಯಾ, ಎಷ್ಟು ವರ್ಷದಿಂದ?' ಅಂತ ಕೇಳುತ್ತಾರೆ. ಜೊತೆಗೆ ಬಂದ ಭಾವಮೈದುನನೋ ಪಕ್ಕದ ಮನೆಯವರೋ ಗಾಬರಿಯಲ್ಲಿ 'ಒಂದೈದು ವರ್ಷದಿಂದ ಇರಬೇಕು' ಅನ್ನುತ್ತಾರೆ. ಅದು ಕೇಸ್ ಶೀಟಿಗೆ ಹೋಗುತ್ತದೆ, ಅಲ್ಲಿಂದ ಡಿಸ್ಚಾರ್ಜ್ ಸಮ್ಮರಿಗೆ ಹೋಗುತ್ತದೆ, ಅಲ್ಲಿಂದ ತಿರಸ್ಕಾರದ ಪತ್ರಕ್ಕೆ ಹೋಗುತ್ತದೆ. ಪಾಲಿಸಿ ಎರಡು ವರ್ಷದ್ದು, ಶುಗರ್ ಐದು ವರ್ಷದ್ದು, ಆದ್ದರಿಂದ ಮುಚ್ಚಿಟ್ಟಿದ್ದೀರಿ. ಇಡೀ ಕೇಸು ಆ ಒಂದು ಸಾಲಿನ ಮೇಲೆ ನಿಲ್ಲುತ್ತದೆ. ಬರೆದ ಡಾಕ್ಟರ ಅಫಿಡವಿಟ್ ಇಲ್ಲದೆ, ಪಾಲಿಸಿಗೆ ಮೊದಲು ಚಿಕಿತ್ಸೆ ಪಡೆದ ಚೀಟಿಯಾಗಲಿ ಲ್ಯಾಬ್ ರಿಪೋರ್ಟ್ ಆಗಲಿ ಇಲ್ಲದೆ, ಬರೀ ಈ ಸಾಲನ್ನು ನಂಬುವುದಕ್ಕೆ ಆಗುವುದಿಲ್ಲ ಅಂತ ಗ್ರಾಹಕರ ಆಯೋಗಗಳು ಎಷ್ಟೋ ಪ್ರಕರಣಗಳಲ್ಲಿ ಹೇಳಿವೆ. ಆ ಮಾಹಿತಿ ಕೊಟ್ಟವರು ಯಾರು ಅಂತ ಕೇಸ್ ಶೀಟಿನಲ್ಲಿ ಇದೆಯಾ ನೋಡಿ. ಪೂರ್ತಿ ಕೇಸ್ ಶೀಟ್ ಪಡೆಯುವ ಹಕ್ಕು ಮನೆಯವರಿಗಿದೆ.

ಕೋರ್ಟುಗಳು ಎಲ್ಲ ಸಲ ಒಂದೇ ಕಡೆ ವಾಲಿಲ್ಲ. 2019ರ ರಿಲಯನ್ಸ್ ಲೈಫ್ ಪ್ರಕರಣದಲ್ಲಿ ಮುಚ್ಚಿಟ್ಟದ್ದು ಕಾಯಿಲೆಯನ್ನಲ್ಲ, ಇನ್ನೊಂದು ಪಾಲಿಸಿಯನ್ನು. ಎರಡು ತಿಂಗಳ ಹಿಂದಷ್ಟೇ ಬೇರೆ ಕಂಪನಿಯಲ್ಲಿ 11 ಲಕ್ಷದ ಪಾಲಿಸಿ ಮಾಡಿಸಿದ್ದರು, ಇಲ್ಲಿ 10 ಲಕ್ಷದ್ದು ಮಾಡಿಸುವಾಗ ಅದನ್ನು ಹೇಳಲಿಲ್ಲ. ಆ ಮತ್ತೊಂದು ಕಂಪನಿ ಹಣ ಕೊಟ್ಟಿತ್ತು. ಇವರು ಕೊಡಲಿಲ್ಲ, ಸುಪ್ರೀಂ ಕೋರ್ಟ್ ಅದನ್ನು ಸರಿ ಅಂದಿತು. 2025ರ ಫೆಬ್ರವರಿಯಲ್ಲಿ ಎಕ್ಸೈಡ್ ಲೈಫ್ ಪ್ರಕರಣದಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆ ಬಂದಾಗ ಉತ್ತರ ಬೇರೆ ಆಯಿತು. ಪಾಲಿಸಿದಾರ 40 ಲಕ್ಷದ ದೊಡ್ಡ ಪಾಲಿಸಿಯನ್ನು ಹೇಳಿದ್ದರು, ಒಟ್ಟು 2.3 ಲಕ್ಷದ ಸಣ್ಣ ಎಲ್‌ಐಸಿ ಪಾಲಿಸಿಗಳನ್ನು ಹೇಳಿರಲಿಲ್ಲ, ಸಾವು ಅಪಘಾತದಲ್ಲಿ ಆಗಿತ್ತು. ದೊಡ್ಡದನ್ನೇ ಹೇಳಿದ ಮೇಲೆ ಸಣ್ಣದನ್ನು ಬಿಟ್ಟದ್ದರಿಂದ ಕಂಪನಿಯ ತೀರ್ಮಾನ ಬದಲಾಗುತ್ತಿರಲಿಲ್ಲ, ಹಣ ಕೊಡಿ ಅಂತ ಕೋರ್ಟು ಹೇಳಿತು. ಅದಕ್ಕೂ ಮೊದಲು 2015ರ ಒಂದು ಎಲ್‌ಐಸಿ ಪ್ರಕರಣದಲ್ಲಿ ಬೆನ್ನುಮೂಳೆಯ ತೊಂದರೆ ಹೇಳಿರಲಿಲ್ಲ, ಸಾವು ಹೃದಯಾಘಾತದಿಂದ ಆಗಿತ್ತು. ಜೀವಕ್ಕೆ ಅಪಾಯ ತರುವ ಕಾಯಿಲೆಯೂ ಅಲ್ಲ, ಸಾವಿಗೆ ಕಾರಣವೂ ಅಲ್ಲ, ಹಾಗಾಗಿ ತಿರಸ್ಕಾರ ಸರಿಯಲ್ಲ ಅಂದರು. ಅಂದರೆ ಏನು ಮುಚ್ಚಿಟ್ಟಿದ್ದು, ಎಷ್ಟು ದೊಡ್ಡದು ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಿಮ್ಮ ಕೇಸಿನಲ್ಲಿ ಕಂಪನಿ ಹೇಳಿದ್ದೇ ಕೊನೆಯ ಮಾತು ಅಂತ ಒಪ್ಪಿಕೊಳ್ಳುವ ಅಗತ್ಯ ಇಲ್ಲ.

ಮೂರು ವರ್ಷದ ಲೆಕ್ಕ ಎಲ್ಲಿಂದ ಎಲ್ಲಿಗೆ? ಪಾಲಿಸಿ ಕೊಟ್ಟ ದಿನ, ರಿಸ್ಕ್ ಶುರುವಾದ ದಿನ, ನಿಂತ ಪಾಲಿಸಿ ಮತ್ತೆ ಶುರುವಾದ (ರಿವೈವಲ್) ದಿನ, ರೈಡರ್ (ಪಾಲಿಸಿಗೆ ಸೇರಿಸುವ ಹೆಚ್ಚುವರಿ ರಕ್ಷಣೆ) ಸೇರಿಸಿದ ದಿನ, ಇವುಗಳಲ್ಲಿ ಯಾವುದು ಕೊನೆಯದೋ ಅಲ್ಲಿಂದ. ಈ ರಿವೈವಲ್ ಅನ್ನುವುದು ಹಳ್ಳಿಗಳ ಕಡೆ ಬಹಳ ಜನರನ್ನು ಕಷ್ಟಕ್ಕೆ ಸಿಕ್ಕಿಸುತ್ತದೆ. ಬೆಳೆ ಕೈಗೆ ಬರಲಿಲ್ಲ, ಪ್ರೀಮಿಯಂ ಕಟ್ಟಲಿಲ್ಲ, ತಡವಾಗಿ ಕಟ್ಟಲು ಕೊಡುವ ಗ್ರೇಸ್ ಅವಧಿಯೂ ಮುಗಿದು ಪಾಲಿಸಿ ಲ್ಯಾಪ್ಸ್ ಆಯಿತು. ವರ್ಷ ಬಿಟ್ಟು ಬಡ್ಡಿ ಸಮೇತ ಕಟ್ಟಿ ಮತ್ತೆ ಶುರು ಮಾಡಿಸುತ್ತಾರೆ. ಆಗ ಆರೋಗ್ಯ ಚೆನ್ನಾಗಿದೆ ಅಂತ ಒಂದು ಘೋಷಣೆಗೆ ಸಹಿ ಹಾಕಿಸಿಕೊಳ್ಳುತ್ತಾರೆ, ಅದನ್ನು ಯಾರೂ ಓದುವುದಿಲ್ಲ. ಎಂಟು ವರ್ಷದ ಹಳೆಯ ಪಾಲಿಸಿ ಅಂತ ಮನೆಯವರು ಧೈರ್ಯವಾಗಿರುತ್ತಾರೆ, ಕಾನೂನಿನ ಕಣ್ಣಿಗೆ ಅದು ಮತ್ತೆ ಹೊಸ ಪಾಲಿಸಿ. ದಯವಿಟ್ಟು ಪ್ರೀಮಿಯಂ ತಪ್ಪಿಸಬೇಡಿ, ತಪ್ಪಿದರೂ ಗ್ರೇಸ್ ಅವಧಿಯೊಳಗೆ ಕಟ್ಟಿಬಿಡಿ.

ಗಡುವಿನ ಇನ್ನೊಂದು ತುದಿಯೂ ಮುಖ್ಯ. 45ನೇ ಸೆಕ್ಷನ್ ಹೇಳುವುದು ಮೂರು ವರ್ಷದ ನಂತರ ಪಾಲಿಸಿಯನ್ನು 'ಪ್ರಶ್ನಿಸುವಂತಿಲ್ಲ' ಅಂತ. ಎರಡು ವರ್ಷದ ಗಡುವಿದ್ದ ಕಾಲದ 1962ರ ಎಲ್‌ಐಸಿ ಪ್ರಕರಣ ಒಂದರಲ್ಲಿ, ಸಾವು ಎರಡು ವರ್ಷದೊಳಗೆ ಆಗಿದ್ದರೂ ತಿರಸ್ಕಾರದ ಪತ್ರ ಎರಡು ವರ್ಷ ದಾಟಿ ಬಂದಿತ್ತು. ಸುಪ್ರೀಂ ಕೋರ್ಟ್ ಅದನ್ನು ಗಡುವು ದಾಟಿದ ಪ್ರಕರಣ ಅಂತಲೇ ನೋಡಿತು. ಹಣ ಕೇಳಿದವರು ಕೊನೆಗೆ ಮೋಸದ ಕಾರಣಕ್ಕೆ ಸೋತರು, ಅದು ಬೇರೆ ಮಾತು. ಇವತ್ತು ಮೂರು ವರ್ಷದ ನಂತರ ಮೋಸದ ಕಾರಣವೂ ಇಲ್ಲ. ಹಾಗಾಗಿ ಪತ್ರದ ಮೇಲಿನ ದಿನಾಂಕ ನೋಡಿ, ಬಾಂಡಿನ ದಿನಾಂಕದ ಜೊತೆ ಹೋಲಿಸಿ.

ಪತ್ರ ಬಂದಿದ್ದರೆ ಮಾಡಬೇಕಾದ್ದು ಇಷ್ಟು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರವಣಿಗೆಯಲ್ಲಿ ಮೇಲ್ಮನವಿ ಕೊಡಿ. ಪ್ರಪೋಸಲ್ ಫಾರಂ, ಇನ್ವೆಸ್ಟಿಗೇಷನ್ ರಿಪೋರ್ಟ್, ಅವರು ಆಧಾರವಾಗಿ ಇಟ್ಟುಕೊಂಡ ಆಸ್ಪತ್ರೆ ದಾಖಲೆ ಎಲ್ಲದರ ನಕಲು ಕೇಳಿ. ಎಲ್‌ಐಸಿಯಲ್ಲಿ ಇಂಥ ತಕರಾರು ನೋಡಲು ಜೋನಲ್ ಮಟ್ಟದಲ್ಲೇ ಸಮಿತಿ ಇದೆ, ಅದರಲ್ಲಿ ನಿವೃತ್ತ ನ್ಯಾಯಾಧೀಶರು ಇರುತ್ತಾರೆ. ಒಂದು ತಿಂಗಳಾದರೂ ಉತ್ತರ ಬರಲಿಲ್ಲ ಅಥವಾ ಒಪ್ಪುವಂಥ ಉತ್ತರ ಬರಲಿಲ್ಲ ಅಂದರೆ, ಇಂಥ ದೂರು ಕೇಳಿ ತೀರ್ಮಾನಿಸುವ ಅಧಿಕಾರಿಯಾದ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕಕ್ಕೆ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿ ಕಚೇರಿ ಇದೆ. ಶುಲ್ಕ ಇಲ್ಲ, ವಕೀಲರೂ ಬೇಡ, 2023ರಿಂದ 50 ಲಕ್ಷದವರೆಗಿನ ವಿವಾದ ನೋಡುತ್ತಾರೆ. ಅವರ ಆದೇಶವನ್ನು ಕಂಪನಿ ಪಾಲಿಸಲೇಬೇಕು, ನಿಮಗೆ ಒಪ್ಪಿಗೆಯಾಗದಿದ್ದರೆ ನೀವು ಮುಂದೆ ಹೋಗಬಹುದು. ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷ ಸಮಯ. ಅಲ್ಲಿ ಕೇಸ್ ಹಾಕಿದ ಮೇಲೆ ಅದೇ ವಿಷಯಕ್ಕೆ ಒಂಬುಡ್ಸ್‌ಮನ್ ದೂರು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಮೊದಲು ಒಂಬುಡ್ಸ್‌ಮನ್ ಹತ್ತಿರ ಹೋಗುವುದು ಒಳ್ಳೆಯದು.

ಕಂಪನಿ ಪತ್ರವನ್ನೂ ಕೊಡದೆ ಎಳೆಯುತ್ತಿದ್ದರೆ ಅದಕ್ಕೂ ಮಿತಿ ಇದೆ. ವಿಮಾ ಕಂಪನಿಗಳ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ ತನಿಖೆ ಬೇಕಿಲ್ಲದ ಮರಣ ಕ್ಲೈಮನ್ನು 15 ದಿನದಲ್ಲಿ, ತನಿಖೆ ಬೇಕಾದದ್ದನ್ನು 45 ದಿನದಲ್ಲಿ ಮುಗಿಸಬೇಕು. ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲ್‌ನಲ್ಲಿ ದೂರು ಹಾಕಬಹುದು, 155255ಕ್ಕೆ ಫೋನ್ ಮಾಡಿಯೂ ಹೇಳಬಹುದು.

ಇನ್ನು ಮೂರು ವರ್ಷ ಆಗಿರದ ಪಾಲಿಸಿ ಕೈಯಲ್ಲಿ ಇಟ್ಟುಕೊಂಡು ಆರೋಗ್ಯವಾಗಿ ಓಡಾಡುತ್ತಿರುವವರು. ಇವತ್ತೇ ಬಾಂಡ್ ತೆಗೆದು, ಅದರ ಜೊತೆ ಇರುವ ಪ್ರಪೋಸಲ್ ಫಾರಂನ ಆರೋಗ್ಯದ ಪುಟ ನೋಡಿ. ಇಂಗ್ಲಿಷ್ ಬಾರದಿದ್ದರೆ ಮಕ್ಕಳ ಹತ್ತಿರ ಓದಿಸಿಕೊಳ್ಳಿ. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ, ಹಳೆಯ ಆಪರೇಷನ್, ಬೀಡಿ ಸಿಗರೇಟು, ಬೇರೆ ಕಂಪನಿಯ ಪಾಲಿಸಿ, ಯಾವುದಾದರೂ ತಪ್ಪಾಗಿ 'ಇಲ್ಲ' ಅಂತ ಇದೆಯಾ? ಪಾಲಿಸಿ ಕೈಗೆ ಬಂದು 30 ದಿನ ಆಗಿಲ್ಲದಿದ್ದರೆ ಅದನ್ನು ವಾಪಸ್ ಮಾಡಿ ಸರಿಯಾಗಿ ತುಂಬಿಸಿ ಹೊಸದು ಮಾಡಿಸಬಹುದು. 30 ದಿನ ದಾಟಿದ್ದರೆ ಕಂಪನಿಗೆ ಒಂದು ಪತ್ರ ಬರೆದು ಸರಿಯಾದ ಮಾಹಿತಿ ತಿಳಿಸಿ, ಬ್ರಾಂಚಿನಲ್ಲಿ ಸೀಲು ಹಾಕಿಸಿಕೊಂಡ ನಕಲು ಬಾಂಡಿನ ಜೊತೆ ಇಡಿ. ಪ್ರೀಮಿಯಂ ಜಾಸ್ತಿ ಮಾಡಬಹುದು, ಪಾಲಿಸಿಯನ್ನೇ ಬೇಡ ಅಂತಲೂ ಅನ್ನಬಹುದು. ಹಾಗಾದರೂ ನೀವು ಇದ್ದೀರಿ, ಬೇರೆ ಕಂಪನಿಯನ್ನು ಕೇಳಬಹುದು, ಮಾತಾಡಬಹುದು. ಮತ್ತೆ ಆ ಬಾಂಡು ಎಲ್ಲಿದೆ ಅಂತ ನಾಮಿನಿಗೂ ಒಂದು ಮಾತು ಹೇಳಿಡಿ.